ಜಾಯ್‌ಸ್ಟಿಕ್ ಕೊಳ್ಳುವ ಮೊದಲು ಎಡಗೈಯ ವಿಚಾರ

ಚಿ. ಪುಟ್ಟಿಗೆ ಮಾಮ ಮಾಡುವ ಆಶೀರ್ವಾದಗಳು.

ಬಾಹ್ಯಾಕಾಶದ ಆಟಗಳಿಗೆ ಅಂತ ನೀನು ಕಳಿಸಿದ ಜಾಯ್‌ಸ್ಟಿಕ್ ಫೋಟೋಗಳನ್ನು ನೋಡಿದೆ. ಒಂದರಲ್ಲಿ ಬರೀ ಸ್ಟಿಕ್, ಇನ್ನೊಂದರಲ್ಲಿ ಸ್ಟಿಕ್ ಜೊತೆ ಥ್ರಾಟಲ್ (ವೇಗ ಏರಿಸಿ ಇಳಿಸುವ ಲಿವರ್), ಮತ್ತೊಂದರಲ್ಲಿ ಎರಡು ಕೈಗೆ ಎರಡು ಸ್ಟಿಕ್. "ಯಾವುದು ತಗೊಳ್ಳಲಿ, ಒಂದೇ ಮಾತಲ್ಲಿ ಹೇಳು ಮಾಮ" ಅಂತ ಬರೆದಿದ್ದೀಯ. ಸರಿ, ಒಂದೇ ಮಾತು: ಹಿಡಿಯನ್ನು ತಿರುಚಲು ಬರುವ, ಹಾಲ್ ಸೆನ್ಸರ್ (ಅದೇನು ಅಂತ ಮುಂದೆ ಹೇಳುತ್ತೇನೆ) ಇರುವ ಒಂದೇ ಒಂದು ಒಳ್ಳೆಯ ಸ್ಟಿಕ್ ತಗೋ. ಎಡಗೈ ಸದ್ಯಕ್ಕೆ ಕೀಬೋರ್ಡ್ ಮೇಲೇ ಇರಲಿ.

"ಯಾಕೆ" ಅಂತ ಕೇಳದೆ ಬಿಡುವವಳಲ್ಲ ನೀನು. ಅದಕ್ಕೇ ಮುಂದಿನದನ್ನೆಲ್ಲ ಬರೆಯುತ್ತಿದ್ದೇನೆ.

ಮಾರಾಟಕ್ಕಿರುವ ಸ್ಟಿಕ್‌ಗಳಲ್ಲಿ ಹೆಚ್ಚಿನವು ಯುದ್ಧವಿಮಾನವನ್ನು ಮನಸ್ಸಲ್ಲಿಟ್ಟುಕೊಂಡು ಮಾಡಿದವು. ವಿಮಾನಕ್ಕೆ ಬೇಕಾಗುವುದು ನಾಲ್ಕು ಆಕ್ಸಿಸ್, ಅಂದರೆ ನಾಲ್ಕು ಬಗೆಯ ಹತೋಟಿ. ಮೂತಿ ಮೇಲೆ-ಕೆಳಗೆ ಆಡುವುದು ಪಿಚ್. ಮಗ್ಗುಲಿಗೆ ಹೊರಳುವುದು ರೋಲ್. ಮೂತಿ ಎಡಕ್ಕೆ-ಬಲಕ್ಕೆ ತಿರುಗುವುದು ಯಾ. ಮೇಲೊಂದು ಥ್ರಾಟಲ್. ಬಾಹ್ಯಾಕಾಶ ನೌಕೆಗೆ ಇಷ್ಟು ಸಾಲದು. ತಿರುಗುವ ಮೂರು ಬಗೆಯ ಜೊತೆಗೆ ಸರಿಯುವ ಮೂರು ಬಗೆಯೂ ಬೇಕು: ಮುಂದೆ-ಹಿಂದೆ, ಎಡಕ್ಕೆ-ಬಲಕ್ಕೆ, ಮೇಲೆ-ಕೆಳಗೆ. ಒಟ್ಟು ಆರು. ನಿಲ್ದಾಣದ ಬಾಗಿಲಿಗೆ ನೌಕೆಯನ್ನು ಕೂರಿಸುವಾಗ ಮೂತಿ ನೆಟ್ಟಗಿದ್ದೂ ಪೂರ್ತಿ ನೌಕೆ ಒಂದು ಮೀಟರ್ ಎಡಕ್ಕೆ ಸರಿಯಬೇಕು ಅಂದುಕೋ. ಅದು ವಿಮಾನದ ಸ್ಟಿಕ್‌ನಲ್ಲಿ ಇಲ್ಲವೇ ಇಲ್ಲ.

ನಿಜವಾದ ನೌಕೆಗಳಲ್ಲಿ ಈ ಕೆಲಸವನ್ನು ಎರಡು ಕೈಗೆ ಹಂಚಿದ್ದಾರೆ. ಅಪೊಲೊ ಕಮಾಂಡ್ ಮಾಡ್ಯೂಲಿನಲ್ಲಿ ಬಲಗೈಗೆ ತಿರುಗಿಸುವ ಹಿಡಿ, ಎಡಗೈಗೆ ಸರಿಸುವ ಹಿಡಿ. ಸೋಯುಜ್‌ನಲ್ಲೂ ಅದೇ ಪದ್ಧತಿ. ನನಗೆ ತುಂಬಾ ಇಷ್ಟವಾದ ವಿಷಯ ಬೇರೆ ಇದೆ. ಅಪೊಲೊದ ಬಲಗೈ ಹಿಡಿಯನ್ನು ಎಷ್ಟು ಬಗ್ಗಿಸಿದರೆ ಅಷ್ಟು ವೇಗವಾಗಿ ತಿರುಗುವಂತೆ ಮಾಡಬಹುದಿತ್ತು. ಎಡಗೈ ಹಿಡಿಗೆ ಮಾತ್ರ ಅರ್ಧಂಬರ್ಧ ಅನ್ನುವುದೇ ಇರಲಿಲ್ಲ. ದೂಡಿದರೆ ಜೆಟ್ ಉರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಒಳಗಿದ್ದದ್ದು ಬರೀ ಸ್ವಿಚ್ಚು. (ಅದೇ ಹಿಡಿಯನ್ನು ಉಡಾವಣೆಯ ಹೊತ್ತಿನಲ್ಲಿ ಎಡಕ್ಕೆ ತಿರುಚಿದರೆ ಪ್ರಯಾಣವೇ ರದ್ದು. ಕೈ ಎಷ್ಟು ಹುಷಾರಾಗಿ ಇಟ್ಟುಕೊಂಡಿದ್ದರೋ!)

ನಿನ್ನ ಕೀಬೋರ್ಡ್ ಕೂಡ ಸ್ವಿಚ್ಚೇ ಅಲ್ವಾ? ಬಲಗೈಗೆ ಸ್ಟಿಕ್, ಎಡಗೈಗೆ ಕೀಬೋರ್ಡ್ ಅಂದರೆ ಯಾರೋ ಬಡತನದಲ್ಲಿ ಮಾಡಿಕೊಂಡ ಏರ್ಪಾಡು ಅಂತ ತಿಳಿಯಬೇಡ.

ನೀನು ಈಗ ಆಡುತ್ತಿರುವ ಗೇಮ್‌ಪ್ಯಾಡ್ ಬಗ್ಗೆ ಒಂದು ಮಾತು. ಅದನ್ನು ಕೀಳಾಗಿ ಮಾತಾಡುವವರು ಜಾಸ್ತಿ. ಲೆಕ್ಕ ಹಾಕಿದರೆ ಅದರಲ್ಲಿ ಎರಡು ಪುಟಾಣಿ ಸ್ಟಿಕ್, ಅಂದರೆ ನಾಲ್ಕು ಆಕ್ಸಿಸ್, ಜೊತೆಗೆ ಎರಡು ಟ್ರಿಗರ್. ಆಕ್ಸಿಸ್ ಲೆಕ್ಕದಲ್ಲಿ ಅದು ಒಂಟಿ ಜಾಯ್‌ಸ್ಟಿಕ್‌ಗಿಂತ ಮುಂದಿದೆ. ಅದರ ತೊಂದರೆ ಬೇರೆ. ಹೆಬ್ಬೆರಳಿನ ಸ್ಟಿಕ್ ಓಡಾಡುವ ಜಾಗ ತೀರಾ ಕಿರಿದು. ಕೂದಲೆಳೆಯಷ್ಟು ತಿರುಗಿಸಬೇಕು ಅಂದಾಗ ಬೆರಳು ಮಾತು ಕೇಳುವುದಿಲ್ಲ. ಮೇಲಾಗಿ ಬಟನ್ ಒತ್ತಲು ಹೆಬ್ಬೆರಳು ಎತ್ತಿದರೆ ಆ ಕ್ಷಣ ನೌಕೆ ನಿನ್ನ ಕೈಯಲ್ಲಿಲ್ಲ. ದೊಡ್ಡ ಸ್ಟಿಕ್ ಹಿಡಿದಾಗ ಇಡೀ ಮುಂಗೈ ತಿರುಗಿಸುವ ಕೆಲಸದಲ್ಲಿರುತ್ತದೆ, ಬೆರಳುಗಳು ಬಟನ್‌ಗೆ ಬಿಡುವಾಗಿರುತ್ತವೆ. ಕೊಡುವ ದುಡ್ಡಿಗೆ ಸಿಗುವ ನಿಜವಾದ ಲಾಭ ಇದು.

ಆದರೆ ಯಾವ ಆಟ ಅನ್ನುವುದರ ಮೇಲೂ ನಿಂತಿದೆ. ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಒಂದೇ ಆಡುವುದಾದರೆ ಸುಮ್ನೆ ದುಡ್ಡು ಹಾಳು ಮಾಡಬೇಡ. ಅದರಲ್ಲಿ ಡಾಕಿಂಗ್ ಮಾಡುವಾಗ, ಅಂದರೆ ಒಂದು ನೌಕೆಯನ್ನು ಇನ್ನೊಂದಕ್ಕೆ ಜೋಡಿಸುವಾಗ, ಕೀಬೋರ್ಡೇ ಚೆನ್ನ. ಎಡಗೈಯ ಡಬ್ಲ್ಯೂ, ಎ, ಎಸ್, ಡಿ, ಕ್ಯೂ, ಇ ಕೀಗಳಲ್ಲಿ ತಿರುಗುವುದು. ಬಲಗೈಯ ಐ, ಜೆ, ಕೆ, ಎಲ್ ಕೀಗಳಲ್ಲಿ ನಾಲ್ಕು ದಿಕ್ಕಿಗೆ ಸರಿಯುವುದು. ಮುಂದಕ್ಕೆ ಎಚ್, ಹಿಂದಕ್ಕೆ ಎನ್. ಕ್ಯಾಪ್ಸ್ ಲಾಕ್ ಒತ್ತಿದರೆ ನೌಕೆ ಇನ್ನೂ ನಯವಾಗಿ ಅಲುಗುತ್ತದೆ. ಎಚ್ ಅನ್ನು ಒಮ್ಮೆ ಮುಟ್ಟಿ ಬಿಟ್ಟು ನೋಡು. ಎದುರಿನ ನೌಕೆ ಹತ್ತಿರ ಬರತೊಡಗುತ್ತದೆ, ಕೈ ಬಿಟ್ಟರೂ ಬರುತ್ತಲೇ ಇರುತ್ತದೆ. ನಿಲ್ಲಬೇಕಾದರೆ ಎನ್ ಅನ್ನು ಅಷ್ಟೇ ಹೊತ್ತು ಒತ್ತಬೇಕು. ಇಲ್ಲಿ ಕೈಚಳಕಕ್ಕಿಂತ ತಾಳ್ಮೆಯೇ ಜಾಸ್ತಿ ಬೇಕು. ಎಲೀಟ್ ಡೇಂಜರಸ್ ಹಾಗಲ್ಲ. ಅಟ್ಟಿಸಿಕೊಂಡು ಬರುವ ಹಡಗಿನ ಮುಂದೆ ಹೊರಳಿ, ಮೂತಿ ಎತ್ತಿ, ಪಕ್ಕಕ್ಕೆ ಜಾರುವುದು ಮೂರೂ ಒಟ್ಟಿಗೆ ಆಗಬೇಕು. ಅಲ್ಲಿ ಸ್ಟಿಕ್ ಇದ್ದರೆ ಆಟದ ಗಮ್ಮತ್ತೇ ಬೇರೆ. ನೀನು ಎರಡೂ ಆಡುವವಳು, ಅದಕ್ಕೇ ತಗೋ ಅಂದೆ.

ಇನ್ನು ಥ್ರಾಟಲ್ ಸೆಟ್. ಫೋಟೋದಲ್ಲಿ ಅದೇ ಎಲ್ಲಕ್ಕಿಂತ ಚೆಂದ ಕಾಣುತ್ತದೆ, ಒಪ್ಪುತ್ತೇನೆ. ಎಲೀಟ್‌ನಲ್ಲಿ ಅದರಿಂದ ಉಪಯೋಗವೂ ಇದೆ. ವೇಗ ಮಧ್ಯದ ನೀಲಿ ಪಟ್ಟಿಯಲ್ಲಿದ್ದಾಗ ಹಡಗು ಚುರುಕಾಗಿ ತಿರುಗುತ್ತದೆ, ಲಿವರ್ ಇದ್ದರೆ ಅಲ್ಲಿಗೆ ತಂದು ಬಿಟ್ಟರಾಯಿತು. ಸೂಪರ್‌ಕ್ರೂಸ್‌ನಲ್ಲಿ, ಅಂದರೆ ದೂರದ ಜಾಗಕ್ಕೆ ಹೋಗುವ ಅತಿವೇಗದ ಓಟದಲ್ಲಿ, ತಲುಪಲು 7 ಸೆಕೆಂಡ್ ಉಳಿದಾಗ 75%ಗೆ ಇಳಿಸುವುದಕ್ಕೂ ಅನುಕೂಲ. ಆದರೆ ಫ್ಲೈಟ್ ಅಸಿಸ್ಟ್ (ಹಡಗನ್ನು ತಾನಾಗಿ ಹತೋಟಿಯಲ್ಲಿಡುವ ಆಟದ ಸಹಾಯ) ಆಫ್ ಮಾಡಿ ಆಡುವ ದಿನ ಬರುತ್ತದೆ, ನಿನ್ನನ್ನು ಬಲ್ಲೆನಲ್ಲ. ಆಗ ಲಿವರ್ ನಿನ್ನ ವೈರಿ. ಬಿಟ್ಟಲ್ಲೇ ನಿಲ್ಲುವುದು ಅದರ ಗುಣ. ನೀನು ಮರೆತರೂ ಎಂಜಿನ್ ನೂಕುತ್ತಲೇ ಇರುತ್ತದೆ. ಎಡಗೈಗೆ ಇನ್ನೊಂದು ಸ್ಟಿಕ್ ಇದ್ದರೆ ಕೈ ಬಿಟ್ಟ ಕೂಡಲೇ ಸ್ಪ್ರಿಂಗ್ ಅದನ್ನು ನಡುವಿಗೆ ತರುತ್ತದೆ, ನೂಕುವುದೂ ನಿಲ್ಲುತ್ತದೆ. ಮುಂದೆ-ಹಿಂದೆ, ಎಡ-ಬಲ ಎರಡೂ ಒಂದೇ ಕೈಯಲ್ಲಿ, ತಿರುಚಿದರೆ ಮೇಲೆ-ಕೆಳಗೆ. ಹೀಗೆ ಆರೂ ಆಕ್ಸಿಸ್ ಭರ್ತಿ. 75%ರ ವಿಷಯ ಏನು ಅನ್ನುತ್ತೀಯಾ? 50%, 75%, 100%ಕ್ಕೆ ಒಂದೊಂದು ಬಟನ್ ಕೊಡಲು ಆ ಆಟದಲ್ಲೇ ಅವಕಾಶ ಇದೆ.

ಅದಕ್ಕೇ ಹೇಳಿದ್ದು, ಮೊದಲು ಒಂದು ಸ್ಟಿಕ್. ಎಡಗೈ ಕೀಬೋರ್ಡಿನಲ್ಲಿ ಕೆಲವು ತಿಂಗಳು ಆಡಲಿ. ಅದು ಏನನ್ನು ಕೇಳುತ್ತದೆ ನೋಡು. "ಅರ್ಧ ವೇಗದಲ್ಲಿ ಸರಿಯಲು ಆಗುತ್ತಿಲ್ಲವಲ್ಲ" ಅಂತ ತೊಳಲಿದರೆ ಎರಡನೇ ಸ್ಟಿಕ್ ತಗೋ. "ವೇಗ ಒಂದು ಕಡೆ ಇಟ್ಟು ಮರೆಯಬೇಕು" ಅಂತ ಅನ್ನಿಸಿದರೆ ಥ್ರಾಟಲ್ ತಗೋ. ಸರಕು ಸಾಗಿಸುತ್ತಾ, ನಕ್ಷತ್ರ ನೋಡುತ್ತಾ ಹೋಗುವ ಜಾತಿಯವರಿಗೆ ಥ್ರಾಟಲೇ ಒಗ್ಗುತ್ತದೆ, ಅದೂ ತಪ್ಪಲ್ಲ. ಎರಡೂ ಅನ್ನಿಸದಿದ್ದರೆ ದುಡ್ಡು ಉಳಿಯಿತು.

ಈಗ ಹಾಲ್ ಸೆನ್ಸರ್ ವಿಷಯ. ಇದನ್ನು ನಿಧಾನವಾಗಿ ಓದು.

ಸ್ಟಿಕ್ ಎಷ್ಟು ಬಗ್ಗಿದೆ ಅಂತ ತಿಳಿಯಲು ಅಗ್ಗದವುಗಳಲ್ಲಿ ಪೊಟೆನ್ಶಿಯೊಮೀಟರ್ ಇರುತ್ತದೆ, ಎಲ್ಲರೂ ಪಾಟ್ ಅನ್ನುತ್ತಾರೆ. ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು ಬರುತ್ತಿತ್ತು, ಕೇಳಿದ್ದೀಯಾ? ಅದರ ಒಳಗಿದ್ದದ್ದೂ ಇದೇ. ಒಂದು ಪಟ್ಟಿಯ ಮೇಲೆ ಲೋಹದ ನಾಲಿಗೆ ಉಜ್ಜುತ್ತಾ ಓಡಾಡುತ್ತದೆ. ಉಜ್ಜಿ ಉಜ್ಜಿ ಸವೆಯುತ್ತದೆ, ಧೂಳು ಕೂರುತ್ತದೆ. ರೇಡಿಯೋದಲ್ಲಿ ಕರಕರ ಅಂದದ್ದು ಇಲ್ಲಿ ನೌಕೆಯ ನಡುಕವಾಗುತ್ತದೆ. ಹಾಲ್ ಸೆನ್ಸರ್‌ನಲ್ಲಿ ಉಜ್ಜಾಟವೇ ಇಲ್ಲ. ಅಯಸ್ಕಾಂತ ಎಷ್ಟು ಸರಿಯಿತು ಅನ್ನುವುದನ್ನು ಮುಟ್ಟದೆಯೇ ಅಳೆಯುತ್ತದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಸಂಗತಿ ಅದು.

ಸೆನ್ಸರ್ ಸವೆದದ್ದು ಬಾಹ್ಯಾಕಾಶದ ಆಟದಲ್ಲಿ ಯಾಕೆ ಜಾಸ್ತಿ ಕಾಡುತ್ತದೆ ಗೊತ್ತಾ? ವಿಮಾನದ ಆಟದಲ್ಲಿ ಸ್ಟಿಕ್ ಸ್ವಲ್ಪ ತಪ್ಪು ಹೇಳಿದರೂ ಗಾಳಿ ತಡೆಯುತ್ತದೆ, ವಿಮಾನ ಒಂದು ಮಟ್ಟಕ್ಕೆ ಸುಧಾರಿಸಿಕೊಳ್ಳುತ್ತದೆ. ಇಲ್ಲಿ ತಡೆಯುವವರು ಯಾರೂ ಇಲ್ಲ. ಅಸಿಸ್ಟ್ ಆಫ್ ಇದ್ದಾಗ ಚಿಕ್ಕ ತಪ್ಪೂ ನೌಕೆಯನ್ನು ತಿರುಗಿಸಲು ಶುರುಮಾಡುತ್ತದೆ, ತಿರುಗಿದ್ದು ತಾನಾಗಿ ನಿಲ್ಲುವುದಿಲ್ಲ.

ಇಲ್ಲಿ ಒಂದು ಕಳ್ಳದಾರಿ ಇದೆ, ಹುಷಾರು. ಪೆಟ್ಟಿಗೆ ಮೇಲೆ "ಹಾಲ್ ಸೆನ್ಸರ್" ಅಂತ ದಪ್ಪಗೆ ಬರೆದಿರುತ್ತದೆ. ಎಷ್ಟೋ ಸ್ಟಿಕ್‌ಗಳಲ್ಲಿ ಅದು ಮುಖ್ಯ ಎರಡು ಆಕ್ಸಿಸ್‌ಗೆ ಮಾತ್ರ. ತಿರುಚುವ ಆಕ್ಸಿಸ್‌ಗೆ ಅದೇ ಹಳೇ ಪಾಟ್. ನೀನು ತಿರುಚಿ ತಿರುಚಿ ಆಡುವುದರಿಂದ ಮೊದಲು ಹೋಗುವುದೂ ಅದೇ. ಕೊಳ್ಳುವ ಮೊದಲು "ಟ್ವಿಸ್ಟ್‌ಗೂ ಹಾಲ್ ಇದೆಯಾ" ಅಂತ ನೇರವಾಗಿ ಕೇಳು.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡ. ವಿಂಡೋಸ್‌ನ ರನ್ ಡಬ್ಬಿಯಲ್ಲಿ ಜಾಯ್ ಡಾಟ್ ಸಿಪಿಎಲ್ ಅಂತ ಟೈಪ್ ಮಾಡಿದರೆ ಗೇಮ್ ಕಂಟ್ರೋಲರ್‌ಗಳ ಕಿಟಕಿ ತೆರೆಯುತ್ತದೆ. ಪ್ರಾಪರ್ಟೀಸ್ ಒತ್ತು. ಒಂದು ಚೌಕದೊಳಗೆ ಕೂಡುವ ಗುರುತು (+) ಕಾಣುತ್ತದೆ, ಅದೇ ನಿನ್ನ ಸ್ಟಿಕ್. ನಾಲ್ಕು ಮೂಲೆಗೂ ಒಯ್ದು ಬಿಡು. ಪ್ರತಿ ಸಲವೂ ಅದೇ ನಡುಬಿಂದುವಿಗೆ ಬಂದು ಕೂರಬೇಕು. ಆಮೇಲೆ ಕೈ ತೆಗೆದು ಸುಮ್ಮನೆ ನೋಡು, ಗುರುತು ನಡುಗಬಾರದು. ಕೊನೆಗೆ ಹಿಡಿಯನ್ನು ತೀರಾ ನಿಧಾನವಾಗಿ ತಿರುಚು. ಟ್ವಿಸ್ಟ್ ಪಟ್ಟಿ ಒಂದೇ ಸಮನೆ ಬೆಳೆಯಬೇಕು. ನಡುವೆ ಜಿಗಿದರೆ "ಯೋಚನೆ ಮಾಡಿ ಹೇಳ್ತೀನಿ" ಅಂತ ಎದ್ದು ಬಾ.

ಹೆಸರು ಹೇಳು ಅಂದರೆ, ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊ ಬಹಳ ಕಾಲದಿಂದ ಇರುವ ಸ್ಟಿಕ್. ಟ್ವಿಸ್ಟ್ ಇದೆ, 12 ಬಟನ್ ಇವೆ. ಆದರೆ ಬಲಗೈಗೆ ಮಾತ್ರ. ಥ್ರಸ್ಟ್‌ಮಾಸ್ಟರ್ ಟಿ.16000ಎಂ ಅನ್ನು ಹಿಡಿಯ ಭಾಗ ಬದಲಿಸಿ ಎಡಗೈಗೂ ಹೊಂದಿಸಬಹುದು. ಮುಂದೆ ಎರಡನೆಯದು ಕೊಳ್ಳುವ ಆಸೆ ಇದ್ದರೆ ಇದು ಲೆಕ್ಕಕ್ಕೆ ಬರುತ್ತದೆ. ಇನ್ನೂ ಮೇಲೆ ಹೋದರೆ ವಿಕೆಬಿಯ ಗ್ಲಾಡಿಯೇಟರ್, ಅದು ಎಡಗೈಗೂ ಬಲಗೈಗೂ ಬೇರೆ ಬೇರೆಯಾಗಿ ಸಿಗುತ್ತದೆ. ನನ್ನ ಆಯ್ಕೆ ಅದೇ, ದುಡ್ಡು ಕೂಡಿದರೆ. ವರ್ಪಿಲ್‌ನಂಥ ದುಬಾರಿ ಸ್ಟಿಕ್‌ಗಳು ಮನಸ್ಸು ಕೆಡಿಸುತ್ತವೆ, ಈಗಲೇ ಬೇಡ. ಕಾಲಿನ ಪೆಡಲ್‌ಗಳೂ ಈಗ ಬೇಡ. ಬಣ್ಣದ ದೀಪಕ್ಕಂತೂ ಒಂದು ಪೈಸೆಯೂ ಜಾಸ್ತಿ ಕೊಡಬೇಡ. ನಿನ್ನದು ಪಿಸಿ, ಹಾಗಾಗಿ ತೊಂದರೆ ಇಲ್ಲ. ಕನ್ಸೋಲ್ ಆಗಿದ್ದರೆ ಪೆಟ್ಟಿಗೆ ಮೇಲೆ ಆ ಕನ್ಸೋಲಿನ ಹೆಸರಿದೆಯೇ ಅಂತ ಮೊದಲು ನೋಡಬೇಕಿತ್ತು.

ಸ್ಟಿಕ್ ಬಂದ ಮೇಲೆ ಮೇಜಿನ ಮೇಲೆ ಎತ್ತರದಲ್ಲಿಟ್ಟು ಭುಜ ಎತ್ತಿಕೊಂಡು ಆಡಬೇಡ, ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಮೊಣಕೈ ಮಟ್ಟಕ್ಕೆ ಹಿಡಿ ಬಂದರೆ ಸರಿ. ಹಗುರವಾದ ಬುಡ ಜಾರುತ್ತಿದ್ದರೆ ಕ್ಲಾಂಪ್ ಹಾಕಿ ಬಿಗಿ ಮಾಡು.

ಆಟದೊಳಗೆ ಡೆಡ್‌ಝೋನ್ ಅನ್ನು, ಅಂದರೆ ಸ್ಟಿಕ್ ಅಲುಗಿದರೂ ಆಟ ಲೆಕ್ಕಿಸದ ನಡುವಿನ ಜಾಗವನ್ನು, ಮೊದಲು ಸೊನ್ನೆಗೆ ಇಳಿಸು. ಕೈ ಬಿಟ್ಟಾಗ ನೌಕೆ ತಾನಾಗಿ ತಿರುಗಿದರೆ, ಅದು ನಿಲ್ಲುವವರೆಗೆ ಮಾತ್ರ ಒಂದೊಂದೇ ಚೂರು ಏರಿಸು. ಅಗತ್ಯಕ್ಕಿಂತ ಜಾಸ್ತಿ ಇಟ್ಟರೆ ಗುರಿ ಹಿಡಿಯಲು ಬೇಕಾದ ಆ ಸಣ್ಣ ಅಲುಗಾಟವೇ ಕಳೆದುಹೋಗುತ್ತದೆ. ಎಲೀಟ್‌ನಲ್ಲಿ ಯಾ ಬೇಕೆಂದೇ ಮಂದ ಇಟ್ಟಿದ್ದಾರೆ. ಹಾಗಾಗಿ ಸ್ಟಿಕ್‌ನ ಎಡ-ಬಲಕ್ಕೆ ರೋಲ್ ಕೊಡು, ಟ್ವಿಸ್ಟ್‌ಗೆ ಯಾ ಕೊಡು. ಮೊದಮೊದಲು ತಿರುಚುವಾಗ ಕೈ ಪಕ್ಕಕ್ಕೂ ವಾಲುತ್ತದೆ. ಎತ್ತು ಏರಿಗೆ ಕೋಣ ನೀರಿಗೆ ಅನ್ನುವ ಹಾಗೆ ನೌಕೆ ಒದ್ದಾಡುತ್ತದೆ. ಸ್ಟಿಕ್ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡ. ಟ್ವಿಸ್ಟ್‌ಗೆ ಮಾತ್ರ ಸ್ವಲ್ಪ ಡೆಡ್‌ಝೋನ್ ಕೊಟ್ಟು ಆಡುತ್ತಾ ಹೋಗು, ಕೈ ಪಳಗುತ್ತದೆ.

ಬಟನ್‌ಗಳನ್ನೆಲ್ಲ ಹೊಂದಿಸಲು ಒಂದು ಸಂಜೆ ಪೂರ್ತಿ ಬೇಕು. ಹೊಂದಿಸಿ ಮುಗಿದ ಮೇಲೆ ಎಲೀಟ್‌ನ ಬೈಂಡಿಂಗ್ಸ್ ಫೋಲ್ಡರಿನಲ್ಲಿ ಡಾಟ್ ಬೈಂಡ್ಸ್ ಅಂತ ಕೊನೆಯಾಗುವ ಫೈಲ್ ಇರುತ್ತದೆ, ಅದರ ನಕಲು ಬೇರೆ ಕಡೆ ಇಡು. ಸ್ಟಿಕ್ ಚುಚ್ಚದೆ ಆಟ ಶುರುಮಾಡಿದರೆ ನೀನು ಹೊಂದಿಸಿದ್ದೆಲ್ಲ ಬಿಟ್ಟು ಮೊದಲಿದ್ದ ಸೆಟ್ಟಿಂಗ್‌ಗೆ ಹೋಗಿಬಿಡಬಹುದು. ಯಾವಾಗಲೂ ಒಂದೇ ಯುಎಸ್‌ಬಿ ಕಿಂಡಿಗೆ ಚುಚ್ಚು, ಮುಂದೆ ಎರಡು ಸ್ಟಿಕ್ ಆದಾಗ ಎಡ ಯಾವುದು ಬಲ ಯಾವುದು ಅಂತ ಕಂಪ್ಯೂಟರ್ ಗೊಂದಲ ಮಾಡಿಕೊಳ್ಳುವುದು ಕಡಿಮೆ.

ಯಾವುದು ಕೊಂಡೆ ಅಂತ ಬರೆ. ಟ್ವಿಸ್ಟ್ ಪಟ್ಟಿ ಹೇಗೆ ಓಡುತ್ತದೆ ಅನ್ನುವುದರ ಒಂದು ಚಿಕ್ಕ ವಿಡಿಯೋನೂ ಕಳಿಸು, ನೋಡಿ ಹೇಳುತ್ತೇನೆ.

ಇಂತಿ ನಿನ್ನ ಪ್ರೀತಿಯ,
ಮಾಮ