ನಮ್ಮ ಹುಡುಗರ ಸೀಸನ್ ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ಅಮೆರಿಕದ ಕಾಲೇಜು ಬೇಸ್‌ಬಾಲ್‌ನಲ್ಲಿ ಡಿವಿಷನ್ 2 (ಎರಡನೇ ಹಂತದ ಕಾಲೇಜುಗಳ) ಫೈನಲ್ಸ್ 2009ರಿಂದ ಹೆಚ್ಚುಕಮ್ಮಿ ಪ್ರತಿ ವರ್ಷ ನಡೆಯುತ್ತಿರುವುದು ನಾವಿರುವ ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲೇ. ಕೊನೆಗೆ ಉಳಿದ ಎಂಟು ತಂಡ ಮಾತ್ರ ಇಲ್ಲಿಗೆ ಬರುತ್ತವೆ. ಈ ಸಲ ಅದರಲ್ಲಿ ಮಗನ ಕಾಲೇಜೂ ಇತ್ತು! ಎರಡು ಸಲ ಸೋತರೆ ಹೊರಗೆ. ಮೊದಲ ಮ್ಯಾಚ್ ಸೋತರು, ಎರಡನೆಯದು ಗೆದ್ದರು, ಮೂರನೆಯದು ಒಂದೇ ರನ್ನಿಂದ ಕೈತಪ್ಪಿತು. ಹೊಟ್ಟೆ ಉರಿಯಿತು, ನಿಜ. ಆದರೂ ಇಲ್ಲಿವರೆಗೆ ಬಂದರಲ್ಲ.

ಮಾರ್ಚ್‌ನಲ್ಲಿ ಮ್ಯಾಚ್ ದಿನ ಮಗನನ್ನು ಆಂಬುಲೆನ್ಸ್‌ನಲ್ಲಿ ಆಸ್ಪತ್ರೆಗೆ ಸೇರಿಸಬೇಕಾಯಿತು, ಉಳಿಯುತ್ತಾನೋ ಇಲ್ಲವೋ ಅನ್ನೋ ಹಾಗಿತ್ತು, ನಿಮಗೆಲ್ಲ ಗೊತ್ತು. ನಾನು ಹೇಳಬೇಕಾದ್ದು ತಂಡದ ಟ್ರೇನರ್ ಬಗ್ಗೆ, ಅಂದರೆ ಆಟಗಾರರ ಗಾಯ, ನೋವು ನೋಡಿಕೊಳ್ಳುವವರ ಬಗ್ಗೆ. ಅವನ ಜೊತೆ ಆಂಬುಲೆನ್ಸ್ ಹತ್ತಿದವರು ಬೆಳಗಾಗುವವರೆಗೂ ಅವನನ್ನು ಬಿಟ್ಟು ಕದಲಲಿಲ್ಲ. ನಾವಿನ್ನೂ ದಾರಿಯಲ್ಲಿದ್ದೆವು. ಸ್ಕ್ಯಾನ್‌ಗೆ ಕರೆದುಕೊಂಡು ಹೋದರು, ವಾಪಸ್ ಬಂದ, ನೀರು ಕೇಳಿದ, ಎಲ್ಲಕ್ಕೂ ಒಂದೊಂದು ಮೆಸೇಜ್. ಮಗ ಉಳಿಯುತ್ತಾನಾ ಅಂತ ನಾನೂ ಕೇಳಲಿಲ್ಲ, ನನ್ನ ಯಜಮಾನರೂ ಕೇಳಲಿಲ್ಲ. ಕೇಳೋ ಧೈರ್ಯ ಇಬ್ಬರಿಗೂ ಇರಲಿಲ್ಲ. ಒಮ್ಮೆ ಫೋನ್ ಮಾಡಿ ಮಾತೇ ಹೊರಡದೆ ಅತ್ತುಬಿಟ್ಟೆ. ಅವರು ಫೋನನ್ನು ಅವನ ದಿಂಬಿನ ಹತ್ತಿರ ಇಟ್ಟು, "ಉಸಿರಾಟ ಕೇಳಿಸ್ತಿದೆಯಾ?" ಅಂದರು. ಕೇಳಿಸುತ್ತಿತ್ತು.

ನಾವು ಒಳಗೆ ಹೋದಾಗ ಅವನ ಮಣಿಕಟ್ಟಿನ ಟೇಪ್ ಬಿಡಿಸುತ್ತಾ ಕೂತಿದ್ದರು. ಬಿಸಿನೀರಿನ ಬಟ್ಟೆಯಲ್ಲಿ ನೆನೆಸಿ, ಕೂದಲು ಎಳೆಯದ ಹಾಗೆ, ಇಷ್ಟಿಷ್ಟೇ. ಮ್ಯಾಚಿಗೆ ಮೊದಲು ಅವರೇ ಸುತ್ತಿದ್ದ ಟೇಪ್ ಅದು. ಅಂಗಿಗೆ ಮೈದಾನದ ಕೆಂಪು ಮಣ್ಣು ಹಾಗೇ ಮೆತ್ತಿತ್ತು. ನನ್ನ ಮಗನಿಗಿಂತ ಐದಾರು ವರ್ಷ ದೊಡ್ಡವಳಿರಬಹುದು, ಅಷ್ಟೇ. ಹೆತ್ತವಳು ಇರಬೇಕಾದ ಜಾಗದಲ್ಲಿ ಆ ಹುಡುಗಿ ಇದ್ದಳು. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತೆ.

ತಾಯೀ, ನಿನಗೆ ಕನ್ನಡ ಬರಲ್ಲ, ಮಗ ಓದಿ ಹೇಳುತ್ತಾನೆ. ನಿನ್ನ ಋಣ ನಾವು ತೀರಿಸೋಕೆ ಆಗಲ್ಲ. ನಮ್ಮ ಮನೆ ಬಾಗಿಲು ನಿನಗೆ ಯಾವಾಗಲೂ ತೆರೆದಿರುತ್ತೆ.

ಕೋಚ್‌ಗಳಿಗೆ, ತಂಡದ ಹುಡುಗರಿಗೆ, ವಾರಗಟ್ಟಲೆ ಸಾರು ಅನ್ನ ಕಳಿಸಿದ ಗೆಳತಿಯರಿಗೆ, ಮ್ಯಾಚ್ ನೋಡೋಕೆ ಚಿತ್ರಾನ್ನದ ಡಬ್ಬಿ ಹಿಡಿದು ಬಂದ ಕ್ಯಾರಿಯ ಕನ್ನಡದವರಿಗೆ ತುಂಬಾ ಥ್ಯಾಂಕ್ಸ್.

ಮಗ ಈ ಸಲ ಆಡಲಿಲ್ಲ. ಡಗೌಟ್‌ನಲ್ಲಿ ಕೂತು ಒಂದೊಂದು ಎಸೆತವನ್ನೂ ಬರೆದುಕೊಳ್ಳೋ ಕೆಲಸ ಕೋಚ್ ಕೊಟ್ಟಿದ್ದರು. ಫಾಸ್ಟ್‌ಬಾಲಾ, ಕರ್ವಾ, ಸ್ಟ್ರೈಕಾ, ಬಾಲಾ, ಎಲ್ಲ ಬರೆದ. ಮುಂದಿನ ಸೀಸನ್ ಫೆಬ್ರವರಿಯಲ್ಲಿ ಶುರು. ಡಾಕ್ಟರು ಹೂಂ ಅಂದರೆ ಆಡುತ್ತಾನೆ. ಆಗಲೂ ಬನ್ನಿ.