ಅದು ಕೆಟ್ಟ ರಕ್ತ ಅಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ, ಮುಟ್ಟಿನಲ್ಲಿ ‘ದೇಹದ ಕೆಟ್ಟ ರಕ್ತ ಹೊರಹೋಗುತ್ತದೆ’ ಎಂದು ಬಂದಿತ್ತು. ಓದಿ ಬೇಜಾರಾಯಿತು. ಆ ಮಾತು ತಪ್ಪು ಅಂತ ನನಗೆ ತಿಳಿಸಿಕೊಟ್ಟಿದ್ದು ಒಂದು ಬಿಳಿ ಇಲಿಯ ಗರ್ಭಕೋಶ.

ನಾನು 28 ವರ್ಷ ಪ್ರಾಣಿಶಾಸ್ತ್ರ ವಿಭಾಗವೊಂದರಲ್ಲಿ ಲ್ಯಾಬ್ ಸಹಾಯಕಿ ಆಗಿದ್ದೆ. ಬೆಳಿಗ್ಗೆ ಇಲಿಗಳ ಸ್ಮಿಯರ್ (ಯೋನಿಯ ದ್ರವದ ಮಾದರಿ) ತೆಗೆಯುವುದು, ಮಧ್ಯಾಹ್ನ ಮೇಣದಲ್ಲಿ ಕೂರಿಸಿದ ಅಂಗಾಂಶವನ್ನು ಮೈಕ್ರೋಟೋಮ್ ಯಂತ್ರದಲ್ಲಿ ತೆಳ್ಳಗೆ ಕೊಯ್ಯುವುದು. ಹೆಣ್ಣಿಲಿಗೆ ನಾಲ್ಕೈದು ದಿನಕ್ಕೊಮ್ಮೆ ಬೆದೆ ಬರುತ್ತದೆ. ವಾಸೆಕ್ಟಮಿ ಆದ ಗಂಡಿನ ಜೊತೆ ಕೂಡಿದರೆ ಮರಿ ಕಟ್ಟುವುದಿಲ್ಲ. ಆದರೆ ಅವಳ ಮೈಗೆ ಅದು ತಿಳಿಯುವುದಿಲ್ಲ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ, ಅಂಡಾಶಯ ಬಸಿರನ್ನು ಕಾಯುವ ಪ್ರೊಜೆಸ್ಟರಾನ್ ಹಾರ್ಮೋನನ್ನು ಕೊಡುತ್ತಲೇ ಇರುತ್ತದೆ. 12-13 ದಿನ ಬೆದೆಯೇ ಇಲ್ಲ. ಸ್ಮಿಯರಿನ ತುಂಬ ಬಿಳಿ ರಕ್ತಕಣ. ಇದೇ ಸುಳ್ಳು ಬಸಿರು.

ಇದರ ನಾಲ್ಕನೆಯ, ಐದನೆಯ ದಿನದ ಹೊತ್ತಿಗೆ ಗರ್ಭಕೋಶದ ಒಳಪದರವನ್ನು ಸೂಜಿಯಿಂದ ಗೀರಿದರೆ, ಇಲ್ಲವೇ ಹನಿ ಎಣ್ಣೆ ಬಿಟ್ಟರೆ ಸಾಕು. ಭ್ರೂಣವೇ ಬಂದು ಕೂತಿತು ಅನ್ನುವ ಹಾಗೆ ಅದು ಉಬ್ಬುತ್ತದೆ. ಸಣಕಲು ಕೋಶಗಳು ದುಂಡಗೆ ದಪ್ಪಗಾಗುತ್ತವೆ, ಕೆಲವಕ್ಕೆ ಎರಡೆರಡು ನ್ಯೂಕ್ಲಿಯಸ್. ಇದಕ್ಕೆ ಡೆಸಿಡುವಾ ಅನ್ನುತ್ತಾರೆ. ಲಿಯೋ ಲೋಬ್ ಎಂಬ ವಿಜ್ಞಾನಿ ಗಿನಿಯಿಲಿಗಳಲ್ಲಿ ಇದನ್ನು ತೋರಿಸಿ ನೂರು ವರ್ಷ ದಾಟಿತು.

ಒಮ್ಮೆ ಸುಳ್ಳು ಬಸಿರಿನ ಇಲಿಯೊಂದರ ಗರ್ಭಕೋಶದ ಎರಡು ಕವಲುಗಳಲ್ಲಿ ಎಡಗಡೆಯದರಲ್ಲಿ ಅವರೆಕಾಳಿನಷ್ಟು ಗಂಟು ಸಿಕ್ಕಿತು. ಅದಕ್ಕೆ ಯಾರೂ ಸೂಜಿ ತಾಗಿಸಿರಲಿಲ್ಲ. ಗೆಡ್ಡೆ ಇರಬೇಕು ಅಂದುಕೊಂಡೆ. ಬಣ್ಣ ಹಾಕಿ ಸ್ಲೈಡ್ ನೋಡಿದರೆ ಅದೇ ಡೆಸಿಡುವಾ! ಭ್ರೂಣದ ಸುಳಿವೇ ಇಲ್ಲ, ತಾನಾಗಿ ಬೆಳೆದದ್ದು. ನಮ್ಮ ಮೇಡಂ ಬಹಳ ಹೊತ್ತು ನೋಡಿದರು. ಆಮೇಲೆ, ‘ಇಲಿಗೆ ಇದು ಅಪರೂಪ ಕಣಮ್ಮ, ನಮಗೆ ತಿಂಗಳು ತಿಂಗಳೂ’ ಅಂದರು.

ಹೆಂಗಸರ ಗರ್ಭಕೋಶ ಭ್ರೂಣ ಬಂದು ತಾಗಲಿ ಅಂತ ಕಾಯುವುದಿಲ್ಲ. ಪ್ರತಿ ತಿಂಗಳೂ ತಾನೇ ಈ ಪದರ ಕಟ್ಟಲು ಶುರು ಮಾಡುತ್ತದೆ. ಬಸಿರು ನಿಲ್ಲದಿದ್ದರೆ ಪ್ರೊಜೆಸ್ಟರಾನ್ ಇಳಿಯುತ್ತದೆ, ಪದರ ಕಳಚಿ ರಕ್ತದ ಜೊತೆ ಹೊರಬರುತ್ತದೆ. ಮಗುವಿಗೆಂದು ಹಾಸಿದ್ದ ಹಾಸಿಗೆ ಅದು. ಅದರಲ್ಲಿ ಕೆಟ್ಟದ್ದು ಏನಿದೆ?

ಮುಟ್ಟಾದ ಹುಡುಗಿಯರನ್ನು ಮೂರು ದಿನ ಹೊರಗೆ ಕೂರಿಸುವ ಮನೆಗಳು ನಮ್ಮ ಓಣಿಯಲ್ಲೇ ಇವೆ. ಅಲ್ಲಿಗೂ ನಿಮ್ಮ ಪೇಪರ್ ಹೋಗುತ್ತದೆ ಅಲ್ವಾ? ದಯವಿಟ್ಟು ಅದೇ ಪುಟದಲ್ಲಿ ತಿದ್ದುಪಡಿ ಹಾಕಿ. ಆ ಸ್ಲೈಡಿನ ಫೋಟೋ ನನ್ನ ಹತ್ತಿರ ಇದೆ, ಬೇಕಿದ್ದರೆ ಕಳಿಸುತ್ತೇನೆ.

– ನಿವೃತ್ತ ಲ್ಯಾಬ್ ಸಹಾಯಕಿ, ಧಾರವಾಡ