ಮಾಂಟ್ ಬ್ಲಾಂಕ್ ಸುತ್ತು ಇನ್ನು 11 ದಿನ, ಓಡುವವರೂ ನಡೆಯುವವರೂ ಒಟ್ಟಿಗೆ

ಎಲ್ರಿಗೂ ನಮಸ್ಕಾರ,

ಸೀದಾ ವಿಷಯಕ್ಕೆ ಬರ್ತೇವೆ. ನಾವು ಮಂಗಳೂರಿಂದ ಕರ್ಕೊಂಡು ಹೋಗ್ತಿದ್ದ, ಆಲ್ಪ್ಸಿನ ಮಾಂಟ್ ಬ್ಲಾಂಕ್ ಬೆಟ್ಟದ ಸುತ್ತಿನ 7 ದಿನದ ಬ್ಯಾಚ್ ಇನ್ನು ಇಲ್ಲ. ಓಡುವವರಿಗೊಂದು, ನಡೆಯುವವರಿಗೊಂದು ಅಂತ ಬೇರೆ ಬೇರೆ ಬ್ಯಾಚ್ ಮಾಡ್ತಿದ್ದದ್ದೂ ಇನ್ನು ಇಲ್ಲ. ಮುಂದಿನ ಸೀಸನ್ನಿಂದ ಒಂದೇ ಬ್ಯಾಚ್, 11 ದಿನ, ಹೋಗುವುದು ಜುಲೈ ಬದಲು ಸೆಪ್ಟೆಂಬರ್ ಸುರುವಿಗೆ. ಇದ್ರಿಂದ ಖರ್ಚು ಜಾಸ್ತಿ ಆಗ್ತದೆ, ಆಫೀಸಿಗೆ ರಜೆಯೂ ಜಾಸ್ತಿ ಹಾಕ್ಬೇಕಾಗ್ತದೆ, ಅದೆಲ್ಲ ಲೆಕ್ಕ ಹಾಕಿಯೇ ತೀರ್ಮಾನ ಮಾಡಿದ್ದು, ಹಾಗಾಗಿ ಯಾಕೆ ಅಂತ ನಿಮಗೆ ಬಿಡಿಸಿ ಹೇಳ್ಬೇಕು.

ಹೊಸದಾಗಿ ಸೇರಿದವರಿಗೆ ಒಂದು ಮಾತು. ಇದು ತುದಿ ಹತ್ತುವ ಟ್ರಿಪ್ ಅಲ್ಲ. 4,800 ಮೀಟರಿಗೂ ಎತ್ತರದ ಆ ಬೆಟ್ಟಕ್ಕೆ ಒಂದು ಪೂರ್ತಿ ಪ್ರದಕ್ಷಿಣೆ, ಸುಮಾರು 170 ಕಿಲೋಮೀಟರ್, ಫ್ರಾನ್ಸಲ್ಲಿ ಸುರು ಮಾಡಿ ಇಟಲಿ, ಸ್ವಿಜರ್ಲೆಂಡ್ ದಾಟಿ ವಾಪಸ್ ಫ್ರಾನ್ಸಿಗೆ. ಸುತ್ತು ಹಾಕುವುದು ತುದಿ ಹತ್ತುವುದಕ್ಕಿಂತ ಹಳೆಯದು ಗೊತ್ತುಂಟಾ, ಸೊಸ್ಯೂರ್ ಅನ್ನುವ ಜಿನೀವಾದ ವಿಜ್ಞಾನಿ 1767ರಲ್ಲೇ ಬೆಟ್ಟದ ಸುತ್ತ ಹೋಗಿ ಬಂದಿದ್ರು, ತುದಿಗೆ ಮನುಷ್ಯ ಕಾಲಿಟ್ಟದ್ದು 1786ರಲ್ಲಿ. ತುದಿ ಹತ್ತದಿದ್ರೂ ಏರು ಕಮ್ಮಿ ಏನಿಲ್ಲ, ಒಂದರ ಹಿಂದೆ ಒಂದು ಘಾಟಿ, ಎಲ್ಲ ಕೂಡಿಸಿದ್ರೆ ಹತ್ತಿರ ಹತ್ತಿರ 10,000 ಮೀಟರ್ ಹತ್ತಿ ಅಷ್ಟೇ ಇಳಿಯುವುದು.

ಇದನ್ನು 7 ದಿನಕ್ಕೆ ಭಾಗ ಮಾಡಿ ನೋಡಿ. ದಿನಕ್ಕೆ 24 ಕಿಲೋಮೀಟರ್, 1,400 ಮೀಟರ್ ಏರು. ಕುಕ್ಕೆಯಿಂದ ಕುಮಾರ ಪರ್ವತ ಹತ್ತಿದವರು ನಿಮ್ಮಲ್ಲಿ ತುಂಬಾ ಜನ ಇದ್ದೀರಿ, ಅದು 1,712 ಮೀಟರ್ ಎತ್ತರ, ದೇವಸ್ಥಾನದ ಹತ್ತಿರದಿಂದ ಸುರು ಮಾಡಿದ್ರೆ ಏರು ಒಂದೂವರೆ ಸಾವಿರ ಮೀಟರಿಗೆ ಮಿಕ್ಕಿ. ಇಳಿದು ಬಂದ ಮರುದಿನ ಮನೆಯ ಮೆಟ್ಟಿಲು ಇಳಿಲಿಕ್ಕೆ ಕೈಗೆ ಗೋಡೆ ಬೇಕಾಗ್ತದೆ ಅಲ್ವಾ? ಏಳು ದಿನದ ಸುತ್ತಿನಲ್ಲಿ ಹೆಚ್ಚುಕಮ್ಮಿ ಅಷ್ಟು ಏರನ್ನು ದಿನಾ ಬೆಳಿಗ್ಗೆ ಎದ್ದು ಮಾಡ್ಬೇಕು. ಆಗುವವರಿಗೆ ಆಗ್ತದೆ, ಅದ್ರಲ್ಲಿ ಸಂಶಯ ಇಲ್ಲ, ನಮ್ಮ ಓಟಗಾರರು ಚೆಂದ ಮಾಡಿ ಮುಗಿಸಿದ್ದಾರೆ. ಆದ್ರೆ ಸಂಜೆ ಆರಕ್ಕೆ ಹಟ್ಟಿಗೆ (ಬೆಟ್ಟದ ದಾರಿಯಲ್ಲಿ ಊಟ, ಹಾಸಿಗೆ ಸಿಗುವ ತಂಗುಮನೆ) ತಲುಪಿ, ಉಂಡು, ಬಿದ್ದು, ಮತ್ತೆ ಬೆಳಿಗ್ಗೆ ಐದೂವರೆಗೆ ಹೊರಟ್ರೆ ನೀವು ನೋಡಿದ್ದು ಎಂಥ? ಎದುರಿನವರ ಬ್ಯಾಗು ಮತ್ತು ನಿಮ್ಮ ಶೂ. ಇಷ್ಟು ದುಡ್ಡು ಖರ್ಚು ಮಾಡಿ ಇಷ್ಟು ದೂರ ಹೋದವರು ಬೊನಾತ್ತಿ ಹಟ್ಟಿನ ಹೊರಗಿನ ಬೆಂಚಲ್ಲಿ ಕೂತು ಎದುರಿಗೆ ಗ್ರಾಂದ್ ಜೊರಾಸ್ ಬೆಟ್ಟದ ಗೋಡೆಯ ಮೇಲೆ ಬಿಸಿಲು ಬಣ್ಣ ಬದಲಿಸುವುದನ್ನು ನೋಡ್ಲೇಬೇಕು ಅಂತ ನಮಗೆ ಆಸೆ, ಅದಕ್ಕೆ ಮಧ್ಯಾಹ್ನವೇ ಅಲ್ಲಿಗೆ ತಲುಪ್ಬೇಕು. 11 ದಿನಕ್ಕೆ ಹಂಚಿದ್ರೆ ದಿನಕ್ಕೆ ಸರಾಸರಿ 15 ಕಿಲೋಮೀಟರ್ ಚಿಲ್ಲರೆ ಬರ್ತದೆ. ಇನ್ನೊಂದು ಮುಖ್ಯ ಕಾರಣ ಗುಡುಗು. ಆಲ್ಪ್ಸಲ್ಲಿ ಬೇಸಿಗೆಯ ಸಿಡಿಲು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುವುದು, ಆ ಹೊತ್ತಿಗೆ 2,500 ಮೀಟರಿನ ಬೋಳು ಘಾಟಿ ಮೇಲೆ ಯಾರೂ ಇರ್ಬಾರ್ದು, ಉದ್ದ ದಿನ ಇಟ್ಟುಕೊಂಡ್ರೆ ಇದು ಕಷ್ಟ.

ಈಗ ಒಟ್ಟಿಗೆ ಯಾಕೆ ಅಂತ. ಹೆಂಡತಿ ಓಡ್ತಾರೆ, ಗಂಡ ನಡೀತಾರೆ, ಅಥವಾ ಮಗ ಓಡ್ತಾನೆ, ಅಪ್ಪ ನಿಧಾನ. ಇಂಥ ಮನೆಗಳು ನಮ್ಮಲ್ಲಿ ಸುಮಾರು ಉಂಟು, ಎರಡು ಬ್ಯಾಚ್ ಇದ್ದಾಗ ಒಬ್ಬರು ಇಟಲಿಯ ಕುರ್ಮಾಯೋರಲ್ಲಿ ಇರುವಾಗ ಇನ್ನೊಬ್ಬರು ಸ್ವಿಜರ್ಲೆಂಡಿನ ಶಾಂಪೆಯಲ್ಲಿ, ಊರಿಗೆ ಬಂದ ಮೇಲೆ ಫೋಟೋ ನೋಡಿ ಮಾತಾಡುವುದು. ಇನ್ನು ಹಾಗಲ್ಲ, ಎಲ್ರೂ ಪ್ರತಿ ರಾತ್ರಿ ಒಂದೇ ಕಡೆ. ಓಡುವವರಿಗೆ ದಿನ ಚಿಕ್ಕದಾಯ್ತು ಅಂತ ಬೇಜಾರು ಬೇಡ, ಅವರಿಗೆ ಎತ್ತರದ ಬೇರೆ ದಾರಿಗಳನ್ನು ಇಟ್ಟಿದ್ದೇವೆ. ಎರಡನೇ ದಿನ 2,665 ಮೀಟರಿನ ಫೂರ್ ಘಾಟಿ ಹತ್ತಿ ಆಚೆಯಿಂದ ಇಳಿದು ಶಾಪಿಯೂಗೆ ಬರ್ಬಹುದು. ಐದನೇ ದಿನ ಬೊನಾತ್ತಿಗೆ ಹೋಗುವಾಗ ಸಾಕ್ಸ್ ಬೆಟ್ಟದ ನೆತ್ತಿ ಮೇಲಿಂದ, ಆ ದಾರಿಯ ನೋಟಕ್ಕೆ ಸಮ ಬೇರೆ ಇಲ್ಲ ಅನ್ನುವುದು ನಮ್ಮ ಅಭಿಪ್ರಾಯ. ಎಂಟನೇ ದಿನ ನಡೆಯುವವರು ಬೊವೀನ್‌ನ ದನ ಮೇಯುವ ಹುಲ್ಲುಗಾವಲಿನ ದಾರಿಯಲ್ಲಿ, ಓಡುವವರು ಆರ್ಪೆತ್ ಕಿಂಡಿ ಹತ್ತಿ, ಇಬ್ಬರೂ ಸಂಜೆಗೆ ತ್ರಿಯಾಂನಲ್ಲಿ. ಆರ್ಪೆತ್ ಅಂದ್ರೆ ಬಂಡೆ ರಾಶಿ, ಅಲ್ಲಿ ಓಡ್ಲಿಕ್ಕಿಲ್ಲ, ಕೈ ಊರಿ ಹೋಗ್ಬೇಕು. ಹವಾಮಾನ ಸರಿ ಇಲ್ಲದಿದ್ರೆ ಈ ಮೂರೂ ಬಂದ್, ಗೈಡ್ ಬೇಡ ಅಂದ್ರೆ ಬೇಡ, ಅದ್ರಲ್ಲಿ ಚರ್ಚೆ ಇಲ್ಲ. ಹತ್ತನೇ ದಿನ ಬರೀ 8 ಕಿಲೋಮೀಟರ್, ಆದ್ರೆ ಬಂಡೆಗೆ ಹೊಡೆದ ಕಬ್ಬಿಣದ ಏಣಿಗಳು ಇರುವುದೂ ಅಲ್ಲೇ. ಹೆದರಿಕೆ ಆಗುವವರಿಗೆ ಮೊಂತೆ ಘಾಟಿ ಕಡೆಯಿಂದ ಏಣಿ ಇಲ್ಲದ ದಾರಿ ಉಂಟು.

ನಮ್ಮ ಓಟಗಾರರು ಕೇಳಿದ್ರು, ಇದೇ ಬೆಟ್ಟದ ಸುತ್ತ 2003ರಿಂದ ರೇಸ್ ನಡೀತದೆ, ಗೆದ್ದವರು 20 ಗಂಟೆಯೊಳಗೆ ಮುಗಿಸಿದ್ದೂ ಉಂಟು, ನಮಗೆ ಮಾತ್ರ 11 ದಿನ ಯಾಕೆ ಅಂತ. ರೇಸ್ ಓಡುವವರು ಓಡ್ಲಿ, ಅದಕ್ಕೆ ತಯಾರಿ ಮಾಡುವವರ ಮೇಲೆ ನಮಗೆ ತುಂಬ ಗೌರವ ಉಂಟು. ನಾವು ಮಾಡುವುದು ಬೇರೆ ಕೆಲಸ. ಅಂದ ಹಾಗೆ ಡೇಟ್ ಬದಲಿಸ್ಲಿಕ್ಕೆ ಆ ರೇಸೂ ಒಂದು ಕಾರಣ, ಆಗಸ್ಟ್ ಕೊನೆಯ ವಾರ ಬೆಟ್ಟದ ಬುಡದಲ್ಲಿರುವ ಫ್ರಾನ್ಸಿನ ಊರು ಶಮೊನಿಯಲ್ಲಿ ಕಾಲಿಡ್ಲಿಕ್ಕೆ ಜಾಗ ಇರುವುದಿಲ್ಲ, ಅದು ಮುಗಿದ ಮೇಲೆ ಊರು ಖಾಲಿ ಆಗ್ತದೆ. ಜುಲೈ ಸುರುವಿನಲ್ಲಿ ಬೊನೊಮ್, ಫೂರ್ ಘಾಟಿಗಳಲ್ಲಿ ಹಿಮ ಉಳಿದಿರ್ತದೆ, ಹಿಮದ ಮೇಲೆ ಕಾಲಿಟ್ಟು ಅಭ್ಯಾಸ ಇಲ್ಲದ ನಮ್ಮ ಕರಾವಳಿಯವರಿಗೆ ಅದು ನಿಜಕ್ಕೂ ಅಪಾಯ. ಸೆಪ್ಟೆಂಬರಿನಲ್ಲಿ ಚಳಿ ಉಂಟು, ಹೊಸ ಹಿಮ ಬೀಳುವುದೂ ಉಂಟು, ಆದ್ರೆ ದಾರಿ ಹೆಚ್ಚಾಗಿ ಕಾಣ್ತದೆ. ಮತ್ತೆ ತುಂಬ ತಡ ಮಾಡ್ಲಿಕ್ಕೂ ಆಗುವುದಿಲ್ಲ, ಆ ತಿಂಗಳು ಅರ್ಧ ಕಳೆದ ಮೇಲೆ ಹಟ್ಟುಗಳು ಒಂದೊಂದೇ ಬಾಗಿಲು ಹಾಕ್ತವೆ. ಚೌತಿ ಯಾವಾಗ ಬರ್ತದೆ ನೋಡಿಯೇ ಡೇಟ್ ಇಡ್ತೇವೆ, ಹಬ್ಬಕ್ಕೆ ಮನೆಯಲ್ಲಿ ಇರ್ಬೇಕು ಅನ್ನುವವರು ಮೊದ್ಲೇ ಹೇಳಿ.

ಹಟ್ಟಿನ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಈಗ ಹಾದಿಯಲ್ಲಿ ಹತ್ತು ರಾತ್ರಿ. ಬಾಗಿಲು ದಾಟಿದ ಕೂಡ್ಲೇ ಶೂ ಬಿಚ್ಚಿ ಸ್ಟ್ಯಾಂಡಲ್ಲಿ ಇಡ್ಬೇಕು, ಕೋಲು ಮೂಲೆಯಲ್ಲಿ, ಅಲ್ಲೇ ಇಟ್ಟಿರುವ ರಬ್ಬರ್ ಚಪ್ಪಲಿಯಲ್ಲಿ ನಿಮ್ಮ ಸೈಜಿನದ್ದು ಹುಡುಕಿ ಹಾಕ್ಕೊಂಡು ಒಳಗೆ ಹೋಗುವುದು, ಕೆಸರು ಶೂ ಒಳಗೆ ಬಂತೋ ನೋಡಿಕೊಳ್ಳುವವರು ಬೈತಾರೆ. ಸಾಲಾಗಿ ಹಾಸಿಗೆ, ಕಂಬಳಿ ಅವರದ್ದು, ಒಳಗೆ ಹಾಕುವ ತೆಳು ಬಟ್ಟೆಯ ಚೀಲ ನಮ್ಮದೇ, ಅದಿಲ್ಲದೆ ಮಲಗ್ಲಿಕ್ಕೆ ಬಿಡುವುದಿಲ್ಲ. ಕೆಲವು ಕಡೆ ಬಿಸಿನೀರಿಗೆ ಟೋಕನ್, ಕೆಲವೇ ನಿಮಿಷ, ಸಾಬೂನು ಹಚ್ಚಿ ಹಾಡು ಹೇಳ್ತಾ ನಿಂತ್ರೆ ನೀರು ನಿಲ್ತದೆ. ಊಟ ಏಳು ಗಂಟೆ ಆಸುಪಾಸು, ಎಲ್ರಿಗೂ ಒಂದೇ ಹೊತ್ತಿಗೆ, ಉದ್ದ ಮೇಜಿಗೆ ಮೊದ್ಲು ಸೂಪಿನ ಪಾತ್ರೆ ಬರ್ತದೆ, ಪಕ್ಕದಲ್ಲಿ ಯಾವ ದೇಶದವರು ಕೂತಿದ್ದಾರೋ ಅವರಿಗೆ ನೀವೇ ಬಡಿಸ್ಬೇಕು, ಅದು ಬಹಳ ಖುಷಿಯ ವಿಷಯ. ಮಾಂಸ ತಿನ್ನದವರಿಗೆ ಚೀಸ್, ಮೊಟ್ಟೆ, ಪಾಸ್ತಾ, ಇಟಲಿ ಕಡೆ ಮೆಕ್ಕೆಜೋಳದ ಪೊಲೆಂತಾ ಸಿಗ್ತದೆ, ಬುಕಿಂಗ್ ಮಾಡುವಾಗಲೇ ಹೇಳಿದ್ರೆ ಮಾತ್ರ. ಮೊಟ್ಟೆಯೂ ಬೇಡ ಅನ್ನುವವರಿಗೆ ಕಷ್ಟ ಉಂಟು, ನಾವು ಚಟ್ನಿಪುಡಿ, ಉಪ್ಪಿನಕಾಯಿ, ಅವಲಕ್ಕಿ ತರ್ತೇವೆ.

ಖರ್ಚು ಏರುವುದು ಮುಖ್ಯವಾಗಿ ಈ ನಾಲ್ಕು ರಾತ್ರಿ ಹೆಚ್ಚಾದದ್ದರಿಂದ, ರಾತ್ರಿಯೂಟ, ಮಲಗುವುದು, ಬೆಳಗಿನ ತಿಂಡಿ ಸೇರಿ. ಅದ್ರಲ್ಲೂ ಸ್ವಿಜರ್ಲೆಂಡಿನ ಮೂರು ರಾತ್ರಿ ಫ್ರಾಂಕಲ್ಲಿ ಕೊಡ್ಬೇಕು, ಅದೇ ದುಬಾರಿ ಭಾಗ. ಟೆಂಟ್ ಹಾಕಿ ಉಳಿಸುವ ಅಂತ ಕೆಲವರು ಹೇಳಿದ್ರು, ಆಗುವುದಿಲ್ಲ, ಇಟಲಿ ಕಡೆಯ ಆವೊಸ್ತಾ ಕಣಿವೆಯಲ್ಲಿ 2,500 ಮೀಟರಿಗಿಂತ ಕೆಳಗೆ ಎಲ್ಲೆಂದರಲ್ಲಿ ಟೆಂಟ್ ಹಾಕ್ಲಿಕ್ಕಿಲ್ಲ. ನಮ್ಮ ಸರ್ವಿಸ್ ಚಾರ್ಜ್ ಏರಿಸಿಲ್ಲ, ರಾತ್ರಿ ರಾತ್ರಿಯ ಲೆಕ್ಕ ನಿಮ್ಮ ಮೇಲ್‌ಗೆ ಕಳಿಸ್ತೇವೆ.

ವೀಸಾ ಫ್ರಾನ್ಸಿನದ್ದೇ ಮಾಡ್ಬೇಕು. ವಿಮಾನ ಇಳಿಯುವುದು ಜಿನೀವಾದಲ್ಲಿ ಅಂತ ಸ್ವಿಜರ್ಲೆಂಡಿಗೆ ಹಾಕ್ಬೇಡಿ, ಹೆಚ್ಚು ರಾತ್ರಿ ಎಲ್ಲಿ ಕಳೀತೀರೋ ಆ ದೇಶಕ್ಕೆ ಅರ್ಜಿ, ಇಟಲಿ ಮೂರು, ಸ್ವಿಜರ್ಲೆಂಡ್ ಮೂರು, ಫ್ರಾನ್ಸಿನದ್ದು ಹಾದಿಯಲ್ಲೇ ನಾಲ್ಕು, ಮತ್ತೆ ಹಿಂದೆ ಮುಂದೆ ಶಮೊನಿ. ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡ್ಬೇಕು, ಹೊರಡುವ ಆರು ತಿಂಗಳ ಮೊದ್ಲಿಂದ ಅರ್ಜಿ ಹಾಕ್ಬಹುದು, ನೀವು ಮಾರ್ಚ್, ಏಪ್ರಿಲಲ್ಲೇ ಹಾಕಿ. ವೀಸಾಕ್ಕೆ 30,000 ಯುರೋ ಇನ್ಶೂರೆನ್ಸ್ ಸಾಕು, ಆದ್ರೆ ಬೆಟ್ಟದ ರೆಸ್ಕ್ಯೂ, ಹೆಲಿಕಾಪ್ಟರ್ ಸೇರಿದೆಯಾ ನೋಡಿ, ಇಲ್ಲದ ಪಾಲಿಸಿಯವರನ್ನು ನಾವು ಕರ್ಕೊಂಡು ಹೋಗುವುದಿಲ್ಲ.

ತಯಾರಿ ಜನವರಿಯಿಂದ. ಗಡಾಯಿಕಲ್ಲು ಬೆಟ್ಟದ ಮೆಟ್ಟಿಲು ಮೇ ಒಳಗೆ ಮುಗಿಸುವ, ಮಳೆ ಬಿದ್ದ ಮೇಲೆ ಅಲ್ಲಿ ಜಾರ್ತದೆ. ಜೂನಿಂದ ಮಣಿಪಾಲದ ಎಂಡ್ ಪಾಯಿಂಟ್ ಇಳಿಜಾರಲ್ಲಿ, ಬ್ಯಾಗಲ್ಲಿ ತೂಕ ಹಾಕಿ, ಜೋರು ಮಳೆಯಲ್ಲಿ, ರೇನ್‌ಕೋಟ್ ಎಷ್ಟು ತಡೀತದೆ ಅಂತ ಆಗಲೇ ಗೊತ್ತಾಗ್ತದೆ. ಹತ್ತುವುದಕ್ಕಿಂತ ಇಳಿಯುವುದನ್ನು ಜಾಸ್ತಿ ಮಾಡಿಸ್ತೇವೆ, ಮೊಣಗಂಟು ಕೈ ಕೊಡುವುದು ಇಳಿಯುವಾಗ.

7 ದಿನಕ್ಕೆ ಅಂತ ಅಡ್ವಾನ್ಸ್ ಕೊಟ್ಟವರಿಗೆ ಎರಡು ದಾರಿ ಉಂಟು, ಹೊಸ ಬ್ಯಾಚಿಗೆ ಬದಲಿಸಿಕೊಳ್ಳಿ ಅಥವಾ ಪೂರ್ತಿ ಹಣ ವಾಪಸ್ ತಗೊಳ್ಳಿ, ಒಂದು ರೂಪಾಯಿ ಹಿಡಿಯುವುದಿಲ್ಲ. ಹಟ್ಟುಗಳ ಬುಕಿಂಗ್ ಬೇಗ ತುಂಬ್ತದೆ, ಹಾಗಾಗಿ ಈ ತಿಂಗಳ ಕೊನೆಯೊಳಗೆ ಗ್ರೂಪಲ್ಲಿ ಅಥವಾ ಆಫೀಸಿಗೆ ಬಂದು ತಿಳಿಸಿ. ಬರುವಾಗ ಪಾಸ್‌ಪೋರ್ಟ್ ತನ್ನಿ, ಅವಧಿ ನೋಡಿ ಅಲ್ಲೇ ಹೇಳ್ತೇವೆ.

ಇತಿ,
ನಿಮ್ಮ ಟ್ರೆಕ್ಕಿಂಗ್ ಸಹಕಾರಿಯವರು, ಮಂಗಳೂರು